ಮರಕ್ಕೆ ಕಳೆ ಕೀಳುವುದುಂಟೇ?

ವಾಚಕ ಮಹಾಶಯರೇ, ತಮ್ಮಲ್ಲಿ ಹಲವರು ನನ್ನಂತೆಯೇ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು. ಅಲ್ಲಿನ ಚರ್ಚಾಕೂಟಗಳನ್ನು ತಾವು ಮರೆತಿರಲಾರಿರಿ. ‘ವಿಜ್ಞಾನ ವರವೋ ಶಾಪವೋ’ ಎಂಬ ವಿಷಯ ವರ್ಷಕ್ಕೊಮ್ಮೆಯಾದರೂ ಬಾರದೆ ಹೋಗುತ್ತಿರಲಿಲ್ಲ. ನಾನು ಒಂದು ವರ್ಷ ವರವೆಂದು ವಾದಿಸಿ ಗೆದ್ದೆ, ಮರುವರ್ಷ ಶಾಪವೆಂದು ವಾದಿಸಿ ಗೆದ್ದೆ. ಆ ಜಾಣತನವೇ ಮುಂದೆ ನಮ್ಮ ಮೂರು ಎಕರೆ ಹೊಲಕ್ಕೆ ಮುಳುವಾದ ಬಗೆಯನ್ನು ಈ ಇಳಿವಯಸ್ಸಿನಲ್ಲಿ ತಮ್ಮೆದುರು ಅರಿಕೆ ಮಾಡಿಕೊಳ್ಳಬೇಕೆನಿಸಿದೆ.

1980ರ ದಶಕದ ಮಾತು. ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯ. ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯು ಆಗ ಬಯಲುಸೀಮೆಯಲ್ಲೆಲ್ಲ ಹರಡಿತ್ತು. ನೀಲಗಿರಿ ಸಸಿಗಳು ಬೇಕೆಂದವರಿಗೆ ಬೇಕಾದಷ್ಟು ಸಿಗುತ್ತಿದ್ದವು. ನೀಲಗಿರಿಯನ್ನು ದನ ಮುಟ್ಟದು, ಅದಕ್ಕೆ ಕಾವಲು ಬೇಡ. ಏಳೆಂಟು ವರ್ಷಕ್ಕೆ ಕಡಿದರೆ ಬುಡ ಮತ್ತೆ ಚಿಗುರುವುದು. ಕಾಗದ ಮತ್ತು ರೇಯಾನ್ ಕಾರ್ಖಾನೆಗಳು ಎಷ್ಟಿದ್ದರೂ ಕೊಳ್ಳುವುವು. ಸಂಬಳ ಪಡೆಯುತ್ತ ಹೊಲದ ಕಡೆ ಸುಳಿಯಲು ಪುರಸೊತ್ತಿಲ್ಲದ ನನ್ನಂಥವನಿಗೆ ಇನ್ನೇನು ಬೇಕು? ರಾಗಿ ಬಿಟ್ಟು ನೀಲಗಿರಿ ಹಾಕಿದೆ. ಅಷ್ಟಕ್ಕೆ ಸುಮ್ಮನಿರದೆ, ಸಂಜೆ ಜಗಲಿಯ ಮೇಲೆ ಕುಳಿತು ನೆರೆಹೊರೆಯ ನಾಲ್ಕು ಮನೆಯವರಿಂದಲೂ ಹಾಕಿಸಿದೆ.

ದೊಡ್ಡಪ್ಪನವರು ಒಬ್ಬರೇ ಒಪ್ಪಲಿಲ್ಲ. “ಬದುವಿನ ಮೇಲೆ ಒಂದು ಸಾಲು ನೀಲಗಿರಿ ಇದ್ದರೇ ಅದರ ಪಕ್ಕದ ರಾಗಿ ಮೇಲೇಳೋದಿಲ್ಲವಲ್ಲೋ” ಎಂದರು. ನಾನು ಪತ್ರಿಕೆಯ ತುಣುಕುಗಳನ್ನು ಮುಂದಿಟ್ಟು ಅವರ ಬಾಯಿ ಮುಚ್ಚಿಸಿದೆ. ಆ ತುಣುಕುಗಳಲ್ಲಿ ನನಗೆ ಬೇಕಾದವಷ್ಟೇ ಇದ್ದವೆಂದು ಹೇಳಬೇಕಾಗಿಲ್ಲವಷ್ಟೆ. ವಂದನಾ ಶಿವ ಮತ್ತು ಬಂದ್ಯೋಪಾಧ್ಯಾಯರು ಕೋಲಾರ ಸೀಮೆಯನ್ನು ಮುಂದಿಟ್ಟುಕೊಂಡು ನೀಲಗಿರಿಯ ವಿರುದ್ಧ ಬರೆದದ್ದನ್ನು ನಾನು ಕತ್ತರಿಸಿ ಇಟ್ಟುಕೊಂಡಿರಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸತ್ಯಾಗ್ರಹಿಗಳು ನೀಲಗಿರಿ ಸಸಿಗಳನ್ನು ಕಿತ್ತು ಊರಿನವರಿಗೆ ಬೇಕಾದ ಗಿಡಗಳನ್ನು ನೆಟ್ಟ ಸುದ್ದಿ ಓದಿದಾಗ ನಕ್ಕದ್ದೂ ಉಂಟು.

ನಗು ನಿಂತದ್ದು ಬೇರೊಬ್ಬರ ಮಾತಿನಿಂದ. ನಮ್ಮ ಹೊಲಕ್ಕೆ ಕಳೆ ಕೀಳಲು ವರ್ಷವೂ ಹೆಂಗಸರ ಒಂದು ತಂಡ ಬರುತ್ತಿತ್ತು. ಅವರಲ್ಲಿ ಹಿರಿಯಳಾದವಳು ಒಂದು ಮುಂಗಾರಿನಲ್ಲಿ ಶಾಲೆಯ ಬಾಗಿಲಿಗೇ ಬಂದು, “ಮೇಷ್ಟ್ರೇ, ಈ ಮರಕ್ಕೆ ಕಳೆ ಕೀಳೋದುಂಟಾ?” ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ. ಕೆಲಸವಿದೆಯೋ ಇಲ್ಲವೋ ಎಂದು ತಿಳಿಯಲು ಬಂದಿದ್ದಳು. ಕಳೆ, ಕುಯಿಲು, ಒಕ್ಕಣೆ ಎಂದು ಹತ್ತಾರು ಕೈಗಳಿಗೆ ಕೂಲಿ, ದನಕ್ಕೆ ಹುಲ್ಲು ಕೊಡುತ್ತಿದ್ದ ಹೊಲವದು. ‘ಕೂಲಿ ಬೇಡ’ ಎಂದು ನಾನು ಹೊಗಳುತ್ತಿದ್ದ ಗುಣಕ್ಕೆ ಇನ್ನೊಂದು ಮುಖವಿದೆಯೆಂದು ಆಗ ಹೊಳೆಯಿತು. ಚರ್ಚಾಕೂಟದ ಯಾವ ಉತ್ತರವೂ ಆಗ ನಾಲಿಗೆಗೆ ಬರಲಿಲ್ಲ.

ನೀರಿನ ವಿಚಾರವನ್ನು ಮಾತ್ರ ನ್ಯಾಯವಾಗಿ ಹೇಳಬೇಕು. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಜಲವಿಜ್ಞಾನಿಗಳು ನಮ್ಮ ರಾಜ್ಯದ ಅರಣ್ಯ ಇಲಾಖೆಯೊಡನೆ ಕೂಡಿ ಇದನ್ನು ಅಳೆದು ನೋಡಿದರು. ಶಿವಮೊಗ್ಗ ಕಡೆಯ ನಿವೇಶನಗಳಲ್ಲಿ ನೀಲಗಿರಿ ತೋಪು ಕುಡಿದ ನೀರು ಅಲ್ಲಿನ ಸ್ವಾಭಾವಿಕ ಎಲೆಯುದುರುವ ಕಾಡು ಕುಡಿದುದಕ್ಕಿಂತ ಹೆಚ್ಚೇನೂ ಇರಲಿಲ್ಲ. ಆದರೆ ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಬೇರುಗಳು ಎಂಟು ಮೀಟರ್ ಇಳಿದು, ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಹೀರಿದ್ದವು. ರಾಗಿಗೆ ಹೋಲಿಸಿದರೆ ಅದು ಸುಮಾರು ಎರಡರಷ್ಟು. ನೋಡಿ, ಜಗಲಿಯ ಮೇಲೆ ಎರಡು ಪಕ್ಷಕ್ಕೂ ಆಧಾರವಿತ್ತು! ನಾನು ಕಡಿದದ್ದು ಕಾಡನ್ನಲ್ಲ, ಬಿಟ್ಟದ್ದು ರಾಗಿಯನ್ನು. ನೀಲಗಿರಿಯನ್ನು ಯಾವುದರೊಡನೆ ಹೋಲಿಸುತ್ತಿದ್ದೇವೆಂದು ನಾವಾರೂ ಕೇಳಿಕೊಳ್ಳಲಿಲ್ಲ.

ನಮ್ಮ ತೆರೆದ ಬಾವಿ 1996ರ ಬೇಸಿಗೆಯಲ್ಲಿ ಬತ್ತಿತು. ಮರವೇ ಬತ್ತಿಸಿತೆಂದು ಹೇಳಿಬಿಟ್ಟರೆ ಹಗುರವಾದೀತು. ಆದರೆ ಆ ಹೊತ್ತಿಗೆ ನಾನೂ ನೆರೆಯವರೂ ಪೈಪೋಟಿಯಲ್ಲಿ ಕೊಳವೆಬಾವಿ ಕೊರೆಸಿದ್ದೆವು. ಯಾವುದರ ಪಾಲು ಎಷ್ಟೆಂದು ನಾನು ಹೇಳಲಾರೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರುವರ್ಷ ಜೆಸಿಬಿ ತರಿಸಿ ಬುಡಗಳನ್ನು ಕೀಳಿಸಿದೆ. ಕೊನೆಯ ಕಟಾವಿನ ಹಣವೆಲ್ಲ ಅದಕ್ಕೇ ಹೋಯಿತು. ಮೊದಲ ವರ್ಷದ ರಾಗಿ ನೋಡಲಾಗದಂತಿತ್ತು. ಎರಡನೆಯ ವರ್ಷ ಮನೆಗೆ ಸಾಲುವಷ್ಟು ಬಂದಿತು. ಅಷ್ಟರಲ್ಲಿ ದೊಡ್ಡಪ್ಪನವರು ಲಿಂಗೈಕ್ಯರಾಗಿದ್ದರು.

ಈಗ ಮೊಮ್ಮಗನ ಸರದಿ. ಹೊಲವನ್ನು ಸೌರವಿದ್ಯುತ್ತಿಗೆ ಗುತ್ತಿಗೆ ಕೊಡೋಣವೆನ್ನುತ್ತಾನೆ. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿರುವುದನ್ನು ತಾವು ಬಲ್ಲಿರಿ. ಅಲ್ಲಿ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದು, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಕೊಟ್ಟರು. ಮಳೆ ಕೈಕೊಟ್ಟ ಸೀಮೆಯ ಹಿಡುವಳಿದಾರನಿಗೆ ಅದು ಸಣ್ಣ ಮಾತಲ್ಲ. ಕಲ್ಲಿದ್ದಲ ಹೊಗೆಯಿಲ್ಲದ ವಿದ್ಯುತ್ತು ನಾಡಿಗೆ ಬೇಡವೆನ್ನಲು ನಾನು ಯಾರು? “ತಾತ, ಕೂಲಿಯ ತಾಪತ್ರಯವಿಲ್ಲ” ಎಂದು ಅವನು ಹೇಳಿದಾಗ ಮಾತ್ರ ಎದೆ ಝಲ್ಲೆಂದಿತು. ಅದು ನನ್ನದೇ ಮಾತು.

ವಾದಿಸಲಿಲ್ಲ. ಕಳೆಗೆ ಬರುವವರನ್ನು ಕೇಳಿ ಬಾ ಎಂದು ಕಳುಹಿಸಿದೆ. ಹೋಗಿ ಬಂದವನು ಹೇಳಿದ್ದಿಷ್ಟು: ತಂಡದಲ್ಲಿ ಉಳಿದಿರುವವರು ಐವರೇ; ಮಿಕ್ಕವರು ಬೆಳಗಾಗುವ ಮುನ್ನ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಆ ಐವರಲ್ಲಿ ಒಬ್ಬಾಕೆ, ಅಂದು ಶಾಲೆಯ ಬಾಗಿಲಿಗೆ ಬಂದಿದ್ದವಳ ಸೊಸೆ, ತಿರುಗಿ ಅವನನ್ನೇ ಕೇಳಿದಳಂತೆ: “ಆ ಗಾಜಿನ ಹಲಗೆ ಒರೆಸೋ ಕೆಲಸಕ್ಕೆ ಹೆಂಗಸರನ್ನ ತಗೋತಾರಾ?”

ಅವನಿಗೂ ಉತ್ತರ ಗೊತ್ತಿರಲಿಲ್ಲ. ಗುತ್ತಿಗೆಯ ಕಾಗದ ಹಿಡಿದು ಬರುವವರು ಮುಂದಿನ ವಾರ ಮನೆಗೆ ಬರಲಿದ್ದಾರೆ. ಮೊದಲು ಅವರನ್ನು ಕೇಳಬೇಕಾದ ಪ್ರಶ್ನೆಯೆಂದು ಅದನ್ನು ಅವನು ಗುರುತು ಹಾಕಿಕೊಂಡಿದ್ದಾನೆ.