ಲಾವಂಚದ ನಿಧಾನ

ಹಸಿ ಹುಲ್ಲಿನ ತಾಜಾತನವನ್ನೂ ಒಣಮರದ ಗಾಂಭೀರ್ಯವನ್ನೂ ಒಟ್ಟಿಗೆ ಹೊತ್ತು ತರುವ ಪರಿಮಳಗಳಲ್ಲಿ ಕನ್ನಡಿಗರಿಗೆ ಬಹುಕಾಲದಿಂದ ಪರಿಚಿತವಾದುದು ಲಾವಂಚ. ಮುಡಿವಾಳವೆಂದೂ ಆಯುರ್ವೇದದಲ್ಲಿ ಉಶೀರವೆಂದೂ ಕರೆಸಿಕೊಳ್ಳುವ ಇದು ಮರವಲ್ಲ, ಕಬ್ಬು ಜೋಳಗಳ ಬಳಗಕ್ಕೆ ಸೇರಿದ ಹುಲ್ಲು; ಇದರ ಗರಿಯಲ್ಲಿ ಹೇಳಿಕೊಳ್ಳುವಂಥ ಕಂಪಿಲ್ಲ, ಸುಗಂಧವೆಲ್ಲ ಎರಡು ಮೂರು ಮೀಟರ್ ಆಳಕ್ಕೆ ನೇರವಾಗಿ ಇಳಿಯುವ ಬೇರಿನಲ್ಲಿದೆ. ಒಣಗಿದ ಬೇರನ್ನು ಮೂಗಿಗೆ ಹಿಡಿದರೆ ಧೂಳು ಬೆರೆತ ಮರದ ವಾಸನೆಯಷ್ಟೇ ತಿಳಿಯುತ್ತದೆ. ನಾಲ್ಕು ಹನಿ ನೀರು ಚಿಮುಕಿಸಿದರೆ ಅದೇ ಬೇರು ಮೊದಲ ಮಳೆ ಬಿದ್ದ ಹೊಲದ ಹಸಿರನ್ನೂ ತಂಪನ್ನೂ ಬಿಟ್ಟುಕೊಡುತ್ತದೆ.

ಸುಗಂಧವೊಂದು ಮೈಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಬಹುಮಟ್ಟಿಗೆ ಅದರ ಅಣುಗಳ ಭಾರವನ್ನು ಅವಲಂಬಿಸಿದೆ. ಕತ್ತರಿಸಿದ ಹುಲ್ಲಿನ ವಾಸನೆಗೆ ಕಾರಣವಾದ ಹೆಕ್ಸೆನಾಲ್ ಅಣುವಿನಲ್ಲಿ ಇಂಗಾಲದ ಪರಮಾಣುಗಳು ಆರು, ನಿಂಬೆಜಾತಿಯ ಸಿಪ್ಪೆಯ ಲಿಮೊನೀನ್‌ನಲ್ಲಿ ಹತ್ತು. ಹಗುರವಾದ ಇವು ಬೇಗ ಹಾರಿಹೋಗುವುದರಿಂದ ಇವನ್ನು ಮೇಲುಸ್ತರವೆನ್ನುತ್ತಾರೆ. ಲಾವಂಚದ ಖುಸಿಮಾಲ್, ವೆಟಿವೋನ್‌ಗಳು ಹದಿನೈದು ಇಂಗಾಲಗಳ ಸೆಸ್ಕ್ವಿಟರ್ಪೀನ್ ಎಂಬ ವರ್ಗಕ್ಕೆ ಸೇರಿದವು, ಕದಲಲು ಹಿಂಜರಿಯುವ ತಳಸ್ತರದವು. ಬೇರಿಗೆ ಹಬೆ ಹಾಯಿಸಿ ಎಣ್ಣೆ ಇಳಿಸುವ ಭಟ್ಟಿಯನ್ನು ಹದಿನೆಂಟು ಇಪ್ಪತ್ತು ಗಂಟೆ ಉರಿಸಬೇಕಾಗುವುದಕ್ಕೂ ಕಾರಣ ಇದೇ. ಹಬೆಗೇ ಅಷ್ಟು ಸುಲಭವಾಗಿ ಜಗ್ಗದ ಎಣ್ಣೆ ಮೈಯ ಹದಬಿಸಿಗೆ ಸಂಜೆಯವರೆಗೂ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. 1959ರಲ್ಲಿ ಪ್ಯಾರಿಸ್ಸಿನ ಗೆರ್ಲಾಂ ಸಂಸ್ಥೆ ಲಾವಂಚವನ್ನೇ ಹೆಸರಾಗಿಸಿಕೊಂಡ ಸುಗಂಧವನ್ನು ಹೊರತಂದಾಗ ನಿಂಬೆಜಾತಿಯ ಹಣ್ಣುಗಳನ್ನು ಮೇಲಿಟ್ಟು ಬೇರನ್ನು ಕೆಳಗಿಟ್ಟದ್ದು ಈ ತಿಳಿವಿನಿಂದಲೇ.

ಬೆಂಗಳೂರಿನ ಬೆಳ್ಳಂದೂರಿನಂಥ ಊರಿನಲ್ಲಿ ಲಾವಂಚದ ಸುಗಂಧವನ್ನು ಹಚ್ಚಿಕೊಂಡವರಿಗೆ ಒಂದೇ ದಿನದಲ್ಲಿ ಎರಡು ಹವೆ ಎದುರಾಗುತ್ತವೆ. ಹೊರವರ್ತುಲ ರಸ್ತೆಯ ಬಿಸಿಲು, ಹೊಗೆ, ಹೆಲ್ಮೆಟ್ಟಿನೊಳಗಿನ ಬೆವರು ಸೇರಿ ಹಸಿರು ಮೇಲುಸ್ತರವನ್ನು ಸಿಗ್ನಲ್ ದಾಟುವಷ್ಟರಲ್ಲಿ ಕಳೆದುಬಿಡುತ್ತವೆ. ಟೆಕ್‌ಪಾರ್ಕಿನ ಒಳಗೆ ಎಸಿಯ ಒಣ ತಂಪಿನಲ್ಲಿ ಅಣುಗಳು ಇನ್ನಷ್ಟು ಮೆಲ್ಲಗೆ ಏಳುವುದರಿಂದ ಮರದ ಕಂಪು ತೋಳಿನಂಚಿಗೆ ಅಂಟಿಕೊಂಡಂತೆ ಉಳಿಯುತ್ತದೆ. ಒಂದೇ ವಾಸನೆಯಲ್ಲಿದ್ದ ಮೂಗು ಅದನ್ನು ಗುರುತಿಸುವುದನ್ನು ನಿಲ್ಲಿಸುತ್ತದೆಯಾದ್ದರಿಂದ ಹಚ್ಚಿಕೊಂಡವರಿಗೆ ಅದು ಮಾಯವಾದಂತೆ ತೋರಿ, ಪಕ್ಕದ ಮೇಜಿನವರಿಗೆ ಮಾತ್ರ ಸ್ಪಷ್ಟವಾಗಿ ತಿಳಿಯುತ್ತಿರುತ್ತದೆ; ಮಧ್ಯಾಹ್ನ ಮತ್ತೆ ಸಿಂಪಡಿಸಿಕೊಳ್ಳುವುದು ಅನಗತ್ಯವಷ್ಟೇ ಅಲ್ಲ, ಜೊತೆಯವರ ಮೇಲೆ ಹೇರಿಕೆಯೂ ಹೌದು. ಅಂಗಡಿಯ ಕಾಗದದ ಪಟ್ಟಿಯ ಮೇಲೆ ಮೂಸಿ ಕೂಡಲೇ ಕೊಳ್ಳುವವರು ಕೊಳ್ಳುವುದು ನಿಂಬೆಯನ್ನು. ಲಾವಂಚದ ನಿಜವಾದ ಗುಣ ಮೂರನೆಯ ಗಂಟೆಯಲ್ಲಿ, ಹೊಗೆಯ ಎಳೆ ಬೆರೆತ ಆ ಸಿಹಿಯಿಲ್ಲದ ಒಣಕಂಪಿನಲ್ಲಿದೆ, ಮತ್ತು ಕಾಯಬೇಕಾದದ್ದು ಅದಕ್ಕಾಗಿಯೇ.

ಈ ಊರಿಗೆ ಲಾವಂಚದ ಮಾತು ಇನ್ನೊಂದು ಕಾರಣಕ್ಕೂ ಸಲ್ಲುತ್ತದೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ, ಸಂಸ್ಕರಿಸದ ಕೊಳಚೆಯೂ ಮಾರ್ಜಕಗಳೂ ತುಂಬಿ, 2015ರಲ್ಲಿ ನೊರೆಗೇ ಬೆಂಕಿ ಹತ್ತಿದ ಕೆರೆಯಾಗಿ ಪ್ರಸಿದ್ಧವಾಯಿತು. ಗಾಳಿ ತಿರುಗಿದ ದಿನ ಅದರ ದುರ್ನಾತ ಸುತ್ತಲಿನ ಅಪಾರ್ಟ್‌ಮೆಂಟುಗಳ ಕಿಟಕಿಗಳನ್ನು ಮುಚ್ಚಿಸುತ್ತಿತ್ತು. ಸುತ್ತಲಿನ ಗಾಳಿಯೇ ಕೆಟ್ಟಿರುವಾಗ ಸೀಸೆಯ ಸುಗಂಧ ಎಷ್ಟು ಉತ್ತಮವಾದರೂ ಬರಿಯ ಮರೆಯಷ್ಟೇ. ನೀರಿನಲ್ಲೂ ಬದುಕಬಲ್ಲ ಲಾವಂಚವನ್ನು ಥಾಯ್ಲೆಂಡ್, ಚೀನಾಗಳಲ್ಲಿ ತೇಲುವ ಚೌಕಟ್ಟುಗಳ ಮೇಲೆ ಬೆಳೆಸಿ, ಕೊಳಚೆನೀರಿನ ಸಾರಜನಕ ರಂಜಕಗಳನ್ನು ಅದರ ಬೇರು ಹೀರಿಕೊಳ್ಳುವಂತೆ ಮಾಡಿದ ಪ್ರಯೋಗಗಳು ನಡೆದಿವೆ. ಕೆರೆಗೆ ಬರುವ ಕೊಳಚೆಯನ್ನು ಮೊದಲೇ ತಡೆದರೆ ಇಂಥ ಹುಲ್ಲಿಗೂ ಅಲ್ಲಿ ಕೆಲಸವಿದೆ. ಆದರೆ ಹಾಗೆ ಬೆಳೆದ ಬೇರು ಸೀಸ, ಕ್ಯಾಡ್ಮಿಯಂಗಳಂಥ ಭಾರಲೋಹಗಳನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ವಾಡಿಕೆಯಂತೆ ಕಂಪಿಗಾಗಿ ಕುಡಿಯುವ ನೀರಿನ ಹೂಜಿಗೆ ಹಾಕುವಂತಿಲ್ಲ; ಹೂಜಿಯ ಲಾವಂಚವನ್ನು ಶುದ್ಧವಾದ ಮರಳುಮಣ್ಣಿನಲ್ಲಿ ಬೇರೆಯಾಗಿಯೇ ಬೆಳೆಯಬೇಕು.