ಸಿರುಗುಪ್ಪ ಬಸ್ಸಿನಲ್ಲಿ ಸಬ್‌ನೆಟ್ ಲೆಕ್ಕ

ಬೆಳಗಿನ ಏಳಕ್ಕೂ ಮೊದಲೇ ಸಿರುಗುಪ್ಪ ನಿಲ್ದಾಣದಲ್ಲಿ ಬಳ್ಳಾರಿ ಬಸ್ಸು ತುಂಬಿಹೋಗಿದೆ. ಗಾಳಿಯಲ್ಲಿ ರೈಸ್ ಮಿಲ್ಲುಗಳ ತೌಡಿನ ವಾಸನೆ. ಸೀಟು ಸಿಗದೆ ನೀವು ಕಂಬಿ ಹಿಡಿದು ನಿಂತಿದ್ದೀರಿ. ಪಕ್ಕದ ಸೀಟಿನಲ್ಲಿ ಬಿಸಿಎ ಕೊನೆಯ ವರ್ಷದ ಹುಡುಗಿಯೊಬ್ಬಳು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಏನೋ ಲೆಕ್ಕ ಮಾಡುತ್ತಿದ್ದಾಳೆ. ಕಂಡಕ್ಟರ್ ಅವಳ ಆಧಾರ್ ಕಾರ್ಡ್ ನೋಡಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಅದನ್ನು ಪುಟಗಳ ನಡುವೆ ಸೇರಿಸಿ ಅವಳು ಮತ್ತೆ ಪೆನ್ನು ಎತ್ತಿಕೊಳ್ಳುತ್ತಾಳೆ.

ನಿಂತಲ್ಲಿಂದಲೇ ನಿಮಗೆ ಓದಲು ಬರುತ್ತದೆ: 192.168.10.0/26. ಅದರ ಕೆಳಗೆ 0, 64, 128, 192 ಎಂದು ನಾಲ್ಕು ಸಾಲು. ಒಂದೊಂದು ತುಂಡಿಗೂ 64 ವಿಳಾಸ. ಮೊದಲನೆಯದು ಜಾಲದ ಗುರುತಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ, ಯಂತ್ರಗಳಿಗೆ ಉಳಿಯುವುದು 62. ಕಿಟಕಿಯಾಚೆ ತುಂಗಭದ್ರಾ ಕಾಲುವೆಯ ನೀರು ತೂಬಿನಿಂದ ತೂಬಿಗೆ ಭತ್ತದ ಗದ್ದೆಗಳಿಗೆ ಪಾಲಾಗುವುದೂ ಹೀಗೆಯೇ. ಯಾರ ಪಾಲು ಎಲ್ಲಿಗೆ ಮುಗಿಯಿತು ಎಂಬುದು ಖಚಿತವಾಗದಿದ್ದರೆ ಜಗಳ. ತೆಕ್ಕಲಕೋಟೆಯ ಬಂಡೆಗುಡ್ಡಗಳು ಬರುವ ಹೊತ್ತಿಗೆ ಅವಳು ಆರು ಲೆಕ್ಕ ಮುಗಿಸಿ ಉತ್ತರಗಳನ್ನು ಮೊಬೈಲಿನಲ್ಲಿ ತಾಳೆ ನೋಡುತ್ತಿದ್ದಾಳೆ. ಒಂದು ತಪ್ಪಾಗಿದೆ. ಹೊಡೆದುಹಾಕಿ ಪುನಃ ಬರೆಯುತ್ತಾಳೆ. ಬಸ್ಸು ಕುಲುಕಿದಾಗ ಅಂಕಿಗಳು ಸೊಟ್ಟಗಾಗುತ್ತವೆ, ಕೈ ಮಾತ್ರ ನಿಲ್ಲುವುದಿಲ್ಲ.

ಬಳ್ಳಾರಿಯಲ್ಲಿ ಇಳಿದು ರಾಯಲ್ ಸರ್ಕಲ್ ಕಡೆ ನಡೆದರೆ ಆಗಲೇ ಬಿಸಿಲು ಚುರುಗುಟ್ಟುತ್ತದೆ. ಕೋಟೆಗುಡ್ಡದ ಬಂಡೆ ಕಾಯಲು ಶುರುವಾಗಿದೆ. ಒಗ್ಗರಣೆ ಮಿರ್ಚಿಯ ಗಾಡಿಯ ಮುಂದೆ ಕಾಲೇಜು ಹುಡುಗರ ಗುಂಪು, ತೆಲುಗು, ಉರ್ದು, ಕನ್ನಡ ಮೂರೂ ಕಲಸಿದ ಮಾತು. ಈ ಊರಿಗೆ ಇಂಜಿನಿಯರಿಂಗ್ ಕಾಲೇಜು ಬಂದದ್ದು 1980ರಲ್ಲಿ, ವೀರಶೈವ ವಿದ್ಯಾವರ್ಧಕ ಸಂಘದಿಂದ. ಇಂದಿನ ಆರ್‌ವೈಎಂಇಸಿ ಅದೇ. 1997ರಲ್ಲಿ ಬಿಐಟಿಎಂ ಬಂತು. ಗುಲ್ಬರ್ಗಾ ವಿಶ್ವವಿದ್ಯಾಲಯದ ನೆರಳಿನಲ್ಲಿದ್ದ ಬಳ್ಳಾರಿಯ ಪದವಿ ಶಿಕ್ಷಣಕ್ಕೆ ತನ್ನದೇ ವಿಶ್ವವಿದ್ಯಾಲಯ ಸಿಕ್ಕಿದ್ದು 2010ರಲ್ಲಿ, ಶ್ರೀಕೃಷ್ಣದೇವರಾಯರ ಹೆಸರಿನಲ್ಲಿ. ಕಂಪ್ಯೂಟರ್ ಓದಲು ಊರು ಬಿಡಲೇಬೇಕು ಎಂಬ ಕಾಲ ಮುಗಿದು ಬಹಳ ದಿನವಾಯಿತು. ಆದರೂ ನೆಟ್‌ವರ್ಕಿಂಗ್ ಕೆಲಸಕ್ಕೆ ಅರ್ಜಿ ಹಾಕಿದವರನ್ನು ಪದವಿಯ ಜೊತೆಗೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ: ಸಿಸ್ಕೊ ಕಂಪನಿಯ ಸಿಸಿಎನ್ಎ ಸರ್ಟಿಫಿಕೇಟ್ ಆಗಿದೆಯಾ?

ಈಗ ಬಸ್ಸಿನ ಹುಡುಗಿಯ ಕಾಲೇಜಿನ ಲ್ಯಾಬಿನೊಳಗೆ ಬನ್ನಿ. ಚಪ್ಪಲಿ ಹೊರಗೆ, ಫ್ಯಾನುಗಳ ಗರಗರ ಸದ್ದು. ಒಂದು ಸಾಲಿನ ಕಂಪ್ಯೂಟರುಗಳಲ್ಲಿ ಪಠ್ಯಕ್ರಮದ ಪ್ರಯೋಗ ನಡೆದಿದೆ. ವಿಟಿಯು ನೆಟ್‌ವರ್ಕ್ ಲ್ಯಾಬಿನಲ್ಲಿ ವರ್ಷಗಳಿಂದ ಓಡಿದ ಪ್ರೋಗ್ರಾಮುಗಳೇ ಇವು: ದತ್ತಾಂಶದ ದೋಷ ಹಿಡಿಯುವ ಸಿಆರ್‌ಸಿ, ಹತ್ತಿರದ ದಾರಿ ಹುಡುಕುವ ಬೆಲ್‌ಮನ್-ಫೋರ್ಡ್, ದಟ್ಟಣೆ ತಡೆಯುವ ಲೀಕಿ ಬಕೆಟ್, ಎಲ್ಲವೂ ಜಾವಾದಲ್ಲಿ. ಹಿಂದಿನ ಸಾಲಿನ ನಾಲ್ವರು ಮಾತ್ರ ಪ್ಯಾಕೆಟ್ ಟ್ರೇಸರ್ ತೆರೆದಿದ್ದಾರೆ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿ ಪುಕ್ಕಟೆ ಕೊಡುವ ತಂತ್ರಾಂಶ ಅದು. ಲಕ್ಷಾಂತರ ರೂಪಾಯಿಯ ರೌಟರು, ಸ್ವಿಚ್ಚುಗಳೆಲ್ಲ ಪರದೆಯ ಮೇಲೆಯೇ.

ಕುರುಗೋಡಿನ ಹುಡುಗನೊಬ್ಬ ಎರಡು ರೌಟರುಗಳ ನಡುವೆ ತಂತಿ ಎಳೆದು, ಅವು ದಾರಿಯ ಸುದ್ದಿಯನ್ನು ತಾವೇ ಹಂಚಿಕೊಳ್ಳಲೆಂದು ಓಎಸ್‌ಪಿಎಫ್ ಹಾಕಿದ್ದಾನೆ. ಪಿಂಗ್ ಹೋಗುತ್ತಿದೆ. ಆದರೆ ‘ಶೋ ಐಪಿ ಓಎಸ್‌ಪಿಎಫ್ ನೈಬರ್’ ಎಂದು ಬೆರಳಚ್ಚಿಸಿದರೆ ಉತ್ತರ ಖಾಲಿ. ಪಕ್ಕದ ರೌಟರು ಇದನ್ನು ನೆರೆಯವನೆಂದು ಒಪ್ಪುತ್ತಿಲ್ಲ. ಏರಿಯಾ ಸಂಖ್ಯೆ ಸರಿಯಿದೆ. ವೈಲ್ಡ್‌ಕಾರ್ಡ್ ಮಾಸ್ಕ್ 0.0.0.63, ಅದೂ ಸರಿ. ಮೇಷ್ಟ್ರು ಬೆನ್ನ ಹಿಂದೆ ಬಂದು ನಿಂತಿದ್ದಾರೆ, ತುಟಿ ಬಿಚ್ಚುವುದಿಲ್ಲ. ನೀವೂ ಪರದೆಗೆ ಬಾಗುತ್ತೀರಿ. ಅವನು ಇಂಟರ್‌ಫೇಸಿನ ವಿವರ ತೆರೆದು ಒಂದೊಂದೇ ಸಾಲಿನ ಕೆಳಗೆ ಬೆರಳು ಸರಿಸುತ್ತಾನೆ. ಒಂದು ಕಡೆ ಹಲೋ 10, ಡೆಡ್ 40. ಇನ್ನೊಂದು ಕಡೆ ಹಲೋ 5, ಡೆಡ್ 20. ಒಬ್ಬ ಹತ್ತು ಸೆಕೆಂಡಿಗೊಮ್ಮೆ ಕರೆಯುತ್ತಾನೆ, ಇನ್ನೊಬ್ಬ ಐದಕ್ಕೊಮ್ಮೆ. ಈ ಎಣಿಕೆ ಒಂದಾಗದೆ ಓಎಸ್‌ಪಿಎಫ್ ನಂಟು ಬೆಳೆಸುವುದಿಲ್ಲ. ಒಂದು ಆಜ್ಞೆ ತೆಗೆದುಹಾಕಿದ ಕೆಲವೇ ಕ್ಷಣಕ್ಕೆ ಪರದೆಯ ಮೇಲೆ ‘ಫುಲ್’ ಎಂಬ ಸಾಲು ಜಾರಿ ಬರುತ್ತದೆ. “ಬಂತ್ ಸಾರ್!” ಎಂದು ಇಡೀ ಲ್ಯಾಬಿಗೆ ಕೇಳುವಂತೆ ಕೂಗುತ್ತಾನೆ.

ಪದವಿಯ ಪಾಠ ಹಳತು, ಸರ್ಟಿಫಿಕೇಟಿನದೇ ನಿಜವಾದ ವಿದ್ಯೆ ಎಂಬ ಮಾತನ್ನು ಈ ಲ್ಯಾಬಿನಲ್ಲಿ ನಿಂತು ಒಪ್ಪಲು ನನಗೆ ಸಾಧ್ಯವಿಲ್ಲ. ಮುಂದಿನ ಸಾಲಿನಲ್ಲಿ ಬೆಲ್‌ಮನ್-ಫೋರ್ಡನ್ನು ಕೈಯಾರೆ ಬರೆದ ಹುಡುಗಿಗೆ, ಅದೇ ಸೂತ್ರದ ಮೇಲೆ ನಡೆಯುವ ಆರ್‌ಐಪಿ ಹದಿನೈದು ಹಾಪ್‌ಗಳಿಗೇ ಏಕೆ ನಿಲ್ಲುತ್ತದೆ ಎಂದು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. ದಾರಿಯೊಂದು ಕಡಿದಾಗ ತಪ್ಪು ಸುದ್ದಿ ಸುತ್ತು ಹೊಡೆಯುತ್ತ ಲೆಕ್ಕ ಏರುತ್ತಲೇ ಹೋಗುವುದನ್ನು ಅವಳು ತನ್ನ ಪ್ರೋಗ್ರಾಮಿನಲ್ಲೇ ಕಂಡಿದ್ದಾಳೆ. ಆದರೆ ಹಲೋ ಟೈಮರಿನ ಕಿರಿಕಿರಿ ಅವಳ ಪಠ್ಯದಲ್ಲಿಲ್ಲ. ಆ ಎರಡು ಸಾಲುಗಳು ಒಂದೇ ಕೋಣೆಯಲ್ಲಿವೆ. ಒಂದೇ ವೇಳಾಪಟ್ಟಿಗೆ ಬರಬೇಕಷ್ಟೆ. ಸ್ವಯಂ ಆನ್‌ಲೈನ್ ವೇದಿಕೆಯ ಕೋರ್ಸುಗಳಿಂದ ಸೆಮಿಸ್ಟರಿನ ಶೇ. 40ರವರೆಗೆ ಕ್ರೆಡಿಟ್ ಪಡೆಯಲು ಯುಜಿಸಿ 2021ರಲ್ಲೇ ಅವಕಾಶ ಕೊಟ್ಟಿದೆ. ಹೊರಗಿನ ಕಲಿಕೆಗೆ ಅಂಕಪಟ್ಟಿಯಲ್ಲಿ ಜಾಗವಿದೆ ಎಂದಾದ ಮೇಲೆ, ಹಿಂದಿನ ಸಾಲಿನ ಈ ದುಡಿಮೆಗೂ ಅಲ್ಲೊಂದು ಜಾಗ ಮಾಡಲು ಏನು ಕಷ್ಟ?

ಊಟದ ಹೊತ್ತಿಗೆ ಮಾತು ದುಡ್ಡಿಗೆ ತಿರುಗುತ್ತದೆ. ಸಿಸಿಎನ್ಎ 200-301 ಪರೀಕ್ಷೆಗೆ ಪದವಿ ಬೇಕಿಲ್ಲ, ಅನುಭವದ ಪತ್ರವೂ ಬೇಕಿಲ್ಲ. ಯಾರು ಬೇಕಾದರೂ ಬರೆಯಬಹುದು. 120 ನಿಮಿಷ, ಮುಂದೆ ಹೋದ ಮೇಲೆ ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ, ಭಾಷೆ ಇಂಗ್ಲಿಷ್, ಇಲ್ಲವೇ ಜಪಾನಿ. ಪಾಸಾದರೆ ಮೂರು ವರ್ಷದ ಮಾನ್ಯತೆ. ಶುಲ್ಕ 300 ಡಾಲರ್. ರೂಪಾಯಿಗೆ ತಿರುಗಿಸಿದರೆ 25 ಸಾವಿರ ದಾಟುತ್ತದೆ, ಮೇಲೆ ತೆರಿಗೆ. ಫೇಲಾದರೆ ಮತ್ತೆ ಅಷ್ಟೇ. ಸಿರುಗುಪ್ಪದ ಹುಡುಗಿ ಡಬ್ಬಿಯ ಮುಚ್ಚಳ ಮುಚ್ಚುತ್ತ ಹೇಳುತ್ತಾಳೆ: “ಕಲಿಯೋದಕ್ಕೆ ರೊಕ್ಕ ಬೇಕಾಗಲಿಲ್ಲ. ಕಲಿತಿದೀನಿ ಅಂತ ತೋರಿಸೋದಕ್ಕೆ ಬೇಕು.”

ಅವಳಿಗೆ ಬಸ್ಸು ಪುಕ್ಕಟೆ, ಪಾಠ ಪುಕ್ಕಟೆ, ತಂತ್ರಾಂಶ ಪುಕ್ಕಟೆ. ಕೊನೆಯ ಬಾಗಿಲಿಗೆ ಮಾತ್ರ ಒಂದು ರೈತ ಕುಟುಂಬದ ಬಿತ್ತನೆಯ ಖರ್ಚು. ಈ ಜಿಲ್ಲೆ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿದೆ. ಇಲ್ಲಿಯ ಹಿಂದುಳಿದಿರುವಿಕೆ ನೀಗಲೆಂದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಅದರ ಹಣದಲ್ಲಿ ಕಟ್ಟಡ ಏಳುವಂತೆ, ಕಾಲೇಜಿನ ಅಣಕು ಪರೀಕ್ಷೆಯಲ್ಲಿ ಗೆದ್ದವರ ಈ ಶುಲ್ಕವೂ ಏಕೆ ಹೋಗಬಾರದು?

ಸಂಜೆ ಲ್ಯಾಬಿನ ಆ ಹುಡುಗನ ಜೊತೆ ಕುರುಗೋಡಿನ ಬಸ್ಸು ಹತ್ತಿ. ದೊಡ್ಡಬಸವೇಶ್ವರ ಗುಡಿಯ ಓಣಿಗಳನ್ನು ದಾಟಿದರೆ ಅವನ ಮನೆ, ಎರಡೇ ಕೋಣೆ. ಅಣ್ಣ ಕೂಡಿಟ್ಟ ಹಣದಲ್ಲಿ ಹುಡುಗ ಪರೀಕ್ಷೆ ಕಟ್ಟಬೇಕೆಂದಿದ್ದಾನೆ. ಮನೆಯಿಂದಲೇ ಆನ್‌ಲೈನಿನಲ್ಲಿ ಬರೆಯುವ ಅವಕಾಶವಿದೆ, ನಿಯಮಗಳನ್ನು ಓದಿ ಹೇಳುತ್ತಾನೆ. ಕೋಣೆಯ ಬಾಗಿಲು ಮುಚ್ಚಿರಬೇಕು. ಯಾರೂ ಒಳಗೆ ಬರಬಾರದು. ಮೊಬೈಲಿನಿಂದ ಸುತ್ತಲಿನ ಫೋಟೋ ಕಳಿಸಬೇಕು. ಗುರುತಿನ ಚೀಟಿಯ ಹೆಸರೂ ನೋಂದಣಿಯ ಹೆಸರೂ ತಾಳೆಯಾಗಬೇಕು. ಬರೆದುಕೊಳ್ಳಲು ಕಾಗದವಿಲ್ಲ; ಸಬ್‌ನೆಟ್ ಲೆಕ್ಕವನ್ನೂ ಮೌಸ್ ಹಿಡಿದು ಪರದೆಯ ಬಿಳಿಹಲಗೆಯ ಮೇಲೆಯೇ ಮಾಡಬೇಕು.

ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಅಮ್ಮ ಅಡುಗೆ ಕೋಣೆಯಿಂದಲೇ, “ಆವತ್ತೂ ಹೀಂಗ ಹೋದ್ರ?” ಎಂದು ಕೇಳುತ್ತಾಳೆ. ಅಣ್ಣ ಇನ್ವರ್ಟರ್ ಬಾಡಿಗೆಗೆ ತರುವ ಮಾತಾಡುತ್ತಾನೆ. ಹುಡುಗ ಒಪ್ಪುವುದಿಲ್ಲ. ಬೆಂಗಳೂರಿನ ಕೇಂದ್ರದಲ್ಲಾದರೆ ಕೈಗೊಂದು ಹಲಗೆ, ಮಾರ್ಕರ್ ಕೊಡುತ್ತಾರೆ, ಕರೆಂಟಿನ ಚಿಂತೆ ಅವರದು ಎನ್ನುತ್ತಾನೆ. ಪರೀಕ್ಷೆಗೆ ಸೋಮವಾರ ಆರಿಸಿಕೊಂಡು, ಮೊಬೈಲಿನ ಬೆಳಕಿನಲ್ಲೇ ಭಾನುವಾರ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಳ್ಳಾರಿಯಿಂದ ಒಂದು ಸ್ಲೀಪರ್ ಬರ್ತ್ ಹುಡುಕುತ್ತಾನೆ. ವೇಟಿಂಗ್ ಲಿಸ್ಟ್ ತೋರಿಸುತ್ತದೆ. “ಜನರಲ್ ಡಬ್ಬಿಯಾಗ ಹೋಗ್ತೀನಿ ಬಿಡು,” ಎಂದು ಅಣ್ಣನ ಕೈಗೆ ಮೊಬೈಲ್ ಕೊಟ್ಟು, ಶುಲ್ಕ ಕಟ್ಟಲು ಬ್ಯಾಂಕಿನ ಒಟಿಪಿ ಯಾವ ನಂಬರಿಗೆ ಬರುತ್ತದೆ ಎಂದು ಕೇಳುತ್ತಾನೆ.