ಒಂದು ಬ್ರೇಕಿನ ವಿಚಾರ

ಗುರುಗಳೊಬ್ಬರು ಸೈಕಲ್ಲಿನ ಬಿಡಿಭಾಗಗಳ ಕುರಿತು ಬರೆಯಲು ಕುಳಿತಿದ್ದಾರೆಂದರೆ ನಿಮಗೆ ನಗು ಬಂದೀತು. ಬರಲಿ. ಕಳೆದ ತಪಸ್ಸುಕಾಲದಲ್ಲಿ ನನ್ನ ಕೈಸೇರಿದ ಪಟ್ಟಿಯೊಂದು ಇನ್ನೂ ನನ್ನ ಮೇಜಿನ ಮೇಲಿದೆ: ಫ್ರೇಮು, ಫೋರ್ಕು, ಹಬ್, ಚೈನ್‌ವೀಲು, ಪೆಡಲು, ಒಂದೊಂದರ ಎದುರಿಗೂ ಬೆಲೆ. ಅದನ್ನು ಕಳುಹಿಸಿದವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷಗಳಾದವು. ಚಿಕ್ಕಂದಿನಿಂದಲೂ ನನ್ನನ್ನು ‘ಫಾದರ್ ಮಾವ’ ಎಂದೇ ಕರೆಯುವ ಹುಡುಗ.

“ಫಾದರ್ ಮಾವ, ಅಜ್ಜನ ಸೈಕಲ್ಲಿನ ಫ್ರೇಮು ನಂಗೆ ಕೊಡ್ತೀರಾ? ಫಿಕ್ಸಿ ಕಟ್ಟಬೇಕು” ಎಂದು ಕೇಳಿದ. ಅದೇ ಸಂಜೆ ತಂಗಿಯ ಫೋನು ಬಂತು. “ಅಣ್ಣಾ, ಅದಕ್ಕೆ ಬ್ರೇಕೇ ಇರಲ್ವಂತೆ. ನೀವಾದ್ರೂ ಅವನಿಗೆ ಬುದ್ಧಿ ಹೇಳಿ.”

ಬ್ರೇಕಿಲ್ಲದ ಸೈಕಲ್ಲೆಂದರೆ ಏನು ಎಂಬುದನ್ನು ನಿಮಗೆ ವಿವರಿಸಬೇಕು. ನಮ್ಮ ಮನೆಗಳಲ್ಲಿರುವ ಸಾಮಾನ್ಯ ಸೈಕಲ್ಲಿನ ಹಿಂಬದಿಯ ಚಕ್ರದಲ್ಲಿ ಫ್ರೀವೀಲು ಎಂಬುದಿದೆ. ನಾವು ಪೆಡಲು ನಿಲ್ಲಿಸಿದರೂ ಚಕ್ರ ಟಿಕ್‌ಟಿಕ್ ಸದ್ದು ಮಾಡುತ್ತಾ ತನ್ನ ಪಾಡಿಗೆ ತಿರುಗುತ್ತದೆ. ಫಿಕ್ಸೆಡ್ ಗೇರ್ ಸೈಕಲ್ಲಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ಹಿಂದಿನ ಹಲ್ಲುಚಕ್ರ ಹಬ್ಬಿಗೆ ಬಿಗಿಯಾಗಿ ಕೂತಿರುವುದರಿಂದ ಚಕ್ರ ತಿರುಗುವವರೆಗೂ ಪೆಡಲು ತಿರುಗುತ್ತಲೇ ಇರಬೇಕು. ವೇಗ ತಗ್ಗಿಸಬೇಕೆಂದರೆ ಮೇಲೇರಿ ಬರುವ ಪೆಡಲನ್ನು ಕಾಲಿನಿಂದ ಎದುರಿಸಿ ಒತ್ತಬೇಕು. ಓಟದ ಅಂಕಣದಲ್ಲಿ, ಅಂದರೆ ವೆಲೊಡ್ರೋಮಿನಲ್ಲಿ ಬಳಸುವುದು ಇಂಥ ಸೈಕಲ್ಲುಗಳನ್ನೇ. ಅಲ್ಲಿ ಬ್ರೇಕು ಹಾಕುವಂತೆಯೇ ಇಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಸಾಗುವ ಜಾಗದಲ್ಲಿ ಒಬ್ಬ ಥಟ್ಟನೆ ನಿಂತರೆ ಹಿಂದಿನವರು ಅವನ ಮೇಲೆ ಬೀಳುತ್ತಾರೆ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಮಕ್ಕಳು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದು ಇಂಥ ಸೈಕಲ್ಲುಗಳ ಮೇಲೂ ಹೌದು. ಆದರೆ ವೆಲೊಡ್ರೋಮಿನಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ.

ನನಗೆ ಈ ಸೈಕಲ್ಲಿನ ಪರಿಚಯವಾದದ್ದು 2003ರ ಬೇಸಿಗೆಯಲ್ಲಿ. ರೋಮಿನಲ್ಲಿ ಓದುತ್ತಿದ್ದ ನನ್ನನ್ನು ರಜೆಯ ಎರಡು ತಿಂಗಳು ಉತ್ತರ ಇಟಲಿಯ ಕೋಮೋ ಸರೋವರದ ಬಳಿಯ ಧರ್ಮಕೇಂದ್ರವೊಂದಕ್ಕೆ ಕಳುಹಿಸಿದ್ದರು. ಅಲ್ಲಿನ ಬೆಟ್ಟದ ಮೇಲೆ ಸುಮಾರು 754 ಮೀಟರ್ ಎತ್ತರದಲ್ಲಿ ಗಿಸಾಲೋ ಮಾತೆಯ ಪುಟ್ಟ ದೇವಾಲಯವಿದೆ. 1949ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಈ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಸಾರಿದರು. ಒಳಗೆ ಕಾಲಿಟ್ಟರೆ ಗೋಡೆಗಳ ತುಂಬ ಸೈಕಲ್ಲುಗಳು! ಬಾರ್ತಾಲಿ, ಕೊಪ್ಪಿ, ಮೆರ್ಕ್ಸ್ ಮುಂತಾದ ಮಹಾನ್ ಸವಾರರು ಕಾಣಿಕೆಯಾಗಿ ಕೊಟ್ಟವು. ಅವುಗಳ ನಡುವೆ ಮುರಿದುಹೋದ ಸೈಕಲ್ಲೊಂದಿದೆ. 1995ರ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಬೆಟ್ಟ ಇಳಿಯುವಾಗ ಬಿದ್ದು ಮಡಿದ ಫಾಬಿಯೊ ಕಸಾರ್ತೆಲ್ಲಿ ಎಂಬ ತರುಣನದು. ಗೆದ್ದವರ ಸೈಕಲ್ಲುಗಳನ್ನು ನಾನು ನೋಡಿ ಮರೆತೆ. ಅದೊಂದು ಮಾತ್ರ ಕಣ್ಣಿಂದ ಹೋಗಲಿಲ್ಲ.

ಆ ಧರ್ಮಕೇಂದ್ರದ ಅಜ್ಜನೊಬ್ಬ ತನ್ನ ಯೌವನದಲ್ಲಿ ಟ್ರ್ಯಾಕ್ ಓಟಗಾರನಾಗಿದ್ದವನು. ನನ್ನ ಆಸಕ್ತಿ ಕಂಡು, ದೇವಾಲಯದ ಅಂಗಳದಲ್ಲಿ ತನ್ನ ಹಳೆಯ ಸೈಕಲ್ಲು ಹತ್ತಲು ಹೇಳಿದ. ಒಂದು ಸುತ್ತು ಸುಖವಾಗಿ ಸಾಗಿತು. ಎರಡನೆಯ ಸುತ್ತಿನಲ್ಲಿ ಅಭ್ಯಾಸಬಲದಿಂದ ಕಾಲು ನಿಲ್ಲಿಸಿದೆ. ಪೆಡಲು ನನ್ನನ್ನು ಸೀಟಿನಿಂದಲೇ ಎತ್ತಿ ಹ್ಯಾಂಡಲ್ಲಿನ ಮೇಲೆ ಕವುಚಿಹಾಕಿತು. ಅಜ್ಜ ನಕ್ಕು ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಈ ಸೈಕಲ್ಲಿನ ಮೇಲೆ ಕೂತು ಬೇರೇನನ್ನೂ ಯೋಚಿಸಬಾರದು, ಸ್ವಾಮಿಗಳೇ! ಆ ಅಜ್ಜನೇ ಮುಂದಿನ ವಾರಗಳಲ್ಲಿ ನನಗೆ ಇದರ ಮರ್ಮಗಳನ್ನೆಲ್ಲ ಕಲಿಸಿದ.

ಆದುದರಿಂದ ಸೋದರಳಿಯನ ಪಟ್ಟಿ ಬಂದಾಗ ಬುದ್ಧಿ ಹೇಳುವ ಬದಲು ಅಳತೆಪಟ್ಟಿ ಹಿಡಿದೆ.

ಅಪ್ಪನ ಸೈಕಲ್ಲು ಕಪ್ಪು ಬಣ್ಣದ, 24 ಅಂಗುಲದ ಫ್ರೇಮಿನದು. ಅಪ್ಪ ಉಪದೇಶಿಯಾಗಿದ್ದರು, ಆರಡಿ ಎತ್ತರದ ಆಳು. ಆ ಸೈಕಲ್ಲಿನಲ್ಲಿಯೇ ಹಳ್ಳಿಹಳ್ಳಿ ಸುತ್ತಿ ಜಪ ಕಲಿಸಿದವರು. ನಾನು ಒಳಪೆಡಲು ಕಲಿತದ್ದೂ ಅದರಲ್ಲಿಯೇ. 2009ರಲ್ಲಿ ಅವರು ತೀರಿಕೊಂಡ ಮೇಲೆ ಅದು ನನ್ನ ಜೊತೆ ಧರ್ಮಕೇಂದ್ರದಿಂದ ಧರ್ಮಕೇಂದ್ರಕ್ಕೆ ವರ್ಗವಾಗುತ್ತಾ ಬಂದಿದೆ. ಫಿಕ್ಸೆಡ್ ಗೇರಿಗೆ ಬೇಕಾದ ಒಂದು ಮುಖ್ಯ ಗುಣ ಇಂಥ ಫ್ರೇಮಿಗೆ ಹುಟ್ಟಿನಿಂದಲೇ ಇದೆ. ಹಿಂದಿನ ಚಕ್ರದ ಅಚ್ಚು ಕೂರುವ ಸೀಳು ಹಿಂದಕ್ಕೆ ಬಾಯ್ತೆರೆದಿದೆ. ಚಕ್ರವನ್ನು ಹಿಂದೆಮುಂದೆ ಸರಿಸಿ ಚೈನು ಬಿಗಿ ಮಾಡಿಕೊಳ್ಳಬಹುದು. ಇಂದಿನ ಗೇರ್ ಸೈಕಲ್ಲುಗಳಲ್ಲಿ ಈ ಸೀಳು ನೇರ ಕೆಳಮುಖವಾಗಿರುತ್ತದೆ. ಅಂಥ ಫ್ರೇಮಿನಲ್ಲಿ ಚೈನಿನ ಬಿಗಿ ಸರಿಹೋಗುವುದು ಅದೃಷ್ಟದ ಮಾತು.

ಉಳಿದುದೆಲ್ಲ ವಿರುದ್ಧವಾಗಿತ್ತು. ಹುಡುಗ ಅಜ್ಜಿಯ ಕಡೆಯವರಂತೆ ಐದಡಿ ನಾಲ್ಕಂಗುಲ. ಆ ಫ್ರೇಮಿನ ಅಡ್ಡಗೊಳವೆಯ ಆಚೀಚೆ ಕಾಲಿಟ್ಟು ನಿಂತರೆ ಪಾದ ನೆಲಕ್ಕೆ ಸರಿಯಾಗಿ ತಾಕದು. ಪೆಡಲು ನಿಲ್ಲದ ಸೈಕಲ್ಲಿನಲ್ಲಿ ತಟ್ಟನೆ ಕಾಲೂರುವುದು ಜೀವದ ಪ್ರಶ್ನೆ. ತಿರುವಿನಲ್ಲಿ ಸೈಕಲ್ಲು ವಾಲಿದಾಗಲೂ ಪೆಡಲು ಕೆಳಗೆ ಬಂದೇ ಬರುತ್ತದೆ. ಪೆಡಲಿನ ಅಚ್ಚು ನೆಲದಿಂದ ಸಾಕಷ್ಟು ಮೇಲಿರದಿದ್ದರೆ ರಸ್ತೆಗೆ ಬಡಿದು ಸವಾರನನ್ನು ಎಸೆಯುತ್ತದೆ. ಟ್ರ್ಯಾಕ್ ಫ್ರೇಮುಗಳಲ್ಲಿ ಆ ಭಾಗವನ್ನು ಎತ್ತರಿಸಿ, ಸಾಮಾನ್ಯವಾಗಿ 165 ಮಿಲಿಮೀಟರಿನ ಗಿಡ್ಡ ಕ್ರ್ಯಾಂಕು ಹಾಕುವುದು ಅದಕ್ಕಾಗಿಯೇ. “ನಿನ್ನಜ್ಜನ ಫ್ರೇಮು ನಿನ್ನ ಅಳತೆಯದಲ್ಲ” ಎಂದೆ. ಹೇಳುವಾಗ ನನಗೆ ಸ್ವಲ್ಪ ಸಮಾಧಾನವೂ ಆಯಿತೆಂಬುದನ್ನು ಬಚ್ಚಿಡಲಾರೆ. ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಉಕ್ಕಿನದೇ ಫ್ರೇಮು ಕೊಳ್ಳಲು ಸಲಹೆ ಮಾಡಿದೆ. ಅಲ್ಯೂಮಿನಿಯಂ ಹಗುರ ನಿಜ. ಆದರೆ ಉಕ್ಕು ನಮ್ಮ ರಸ್ತೆಯ ಹೊಡೆತವನ್ನು ತಾಳಿಕೊಳ್ಳುತ್ತದೆ, ಬಾಗಿದರೆ ತಿದ್ದಬಹುದು. ಜಪಾನಿನಲ್ಲಿ 1948ರಲ್ಲಿ ಆರಂಭವಾದ ಕೇರಿನ್ ಎಂಬ ವೃತ್ತಿಪರ ಓಟದಲ್ಲಿ ಇಂದಿಗೂ ಉಕ್ಕಿನ ಫ್ರೇಮುಗಳೇ ಓಡುತ್ತವೆ. ಹುಡುಗ ಇದನ್ನು ನನಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಹಲ್ಲುಗಳ ಲೆಕ್ಕದಲ್ಲಿ ನಮಗಿಬ್ಬರಿಗೂ ಬಹಳ ಹೊತ್ತು ಹೋಯಿತು. ಅವನು ಮುಂದೆ 48, ಹಿಂದೆ 16 ಹಲ್ಲು ಎಂದು ಬರೆದಿದ್ದ. ಅಂದರೆ ಒಂದು ಸುತ್ತು ಪೆಡಲಿಗೆ ಚಕ್ರ ಸರಿಯಾಗಿ ಮೂರು ಸುತ್ತು. ಹಿಂದಿನ ಚಕ್ರವನ್ನು ಕಾಲಿನಿಂದ ಕಟ್ಟಿ ಜಾರಿಸಿ ನಿಲ್ಲಿಸುವವರ ಟಯರು ಹೀಗಾದಾಗ ಪ್ರತಿಸಲವೂ ಅದೇ ಒಂದು ಜಾಗದಲ್ಲಿ ಉಜ್ಜಿ, ಬಹುಬೇಗ ತೂತಾಗುತ್ತದೆ. 46ಕ್ಕೆ 17 ಹಾಕಿದರೆ ಈ ಎರಡು ಸಂಖ್ಯೆಗಳಿಗೆ ಸಾಮಾನ್ಯ ಭಾಜಕವಿಲ್ಲ. ಸವೆತ ಟಯರಿನ ಹದಿನೇಳು ಜಾಗಗಳಿಗೆ ಹಂಚಿಹೋಗುತ್ತದೆ. ಶಾಲೆಯಲ್ಲಿ ಕಲಿತ ಭಾಜಕ ಎಲ್ಲಿ ಪ್ರಯೋಜನಕ್ಕೆ ಬಂತು ನೋಡಿ! ಹೀಗೆ ಒಂದು ಸುತ್ತಿಗೆ ಸುಮಾರು 5.7 ಮೀಟರ್ ದಾರಿ ಸಾಗುತ್ತದೆ. ಅಪ್ಪನ ಸೈಕಲ್ಲಿನ 44ಕ್ಕೆ 18ರ ಜೋಡಿಯಲ್ಲೂ ಹೆಚ್ಚುಕಡಿಮೆ ಐದೂವರೆ ಮೀಟರ್. ನಮ್ಮ ಹಿರಿಯರ ಲೆಕ್ಕಾಚಾರ ತೀರ ಹಳತೇನಲ್ಲ.

ಆದರೆ ಇಳಿಜಾರಿನ ಲೆಕ್ಕ ಬೇರೆ. 45 ಕಿಲೋಮೀಟರ್ ವೇಗದಲ್ಲಿ ಇಳಿದರೆ ಇದೇ ಗೇರಿನಲ್ಲಿ ಕಾಲು ನಿಮಿಷಕ್ಕೆ 130 ಸುತ್ತು ತಿರುಗಲೇಬೇಕು. ಅಂಥ ಹೊತ್ತಿನಲ್ಲಿ ಪೆಡಲನ್ನು ಎದುರಿಸುವ ಶಕ್ತಿ ಎಷ್ಟು ಜನರ ಕಾಲಿಗಿದೆ?

ಹಬ್ಬಿನ ವಿಷಯ ತಂದೆತಾಯಿಯರು ಗಮನವಿಟ್ಟು ಓದಬೇಕು. ಫಿಕ್ಸೆಡ್ ಗೇರಿಗೆಂದೇ ಮಾಡಿದ ಹಬ್ಬಿನಲ್ಲಿ ಎರಡು ತಿರುವುಗಳಿರುತ್ತವೆ. ಹಲ್ಲುಚಕ್ರ ಬಲತಿರುವಿನಲ್ಲಿ ಕೂರುತ್ತದೆ. ಅದರ ಹೊರಬದಿಗೆ ಎಡತಿರುವಿನ ಲಾಕ್‌ರಿಂಗ್ ಬರುತ್ತದೆ. ಸವಾರ ಪೆಡಲನ್ನು ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ನೋಡಿದರೆ ಅದೇ ಒತ್ತಡದಿಂದ ಲಾಕ್‌ರಿಂಗ್ ಇನ್ನೂ ಬಿಗಿಯಾಗುತ್ತದೆ. ಅಗ್ಗಕ್ಕೆ ಸಿಗುವುದೆಂದು ಸಾಮಾನ್ಯ ಫ್ರೀವೀಲ್ ಹಬ್ಬಿಗೆ ಹಲ್ಲುಚಕ್ರ ತಿರುಗಿಸಿ, ಅಂಟು ಹಚ್ಚಿ ಕೊಡುವವರಿದ್ದಾರೆ. ನಮ್ಮ ಹುಡುಗನಿಗೆ ಅಂಗಡಿಯೊಂದರಲ್ಲಿ ಮೊದಲು ಕೊಟ್ಟಿದ್ದು ಅಂಥದ್ದನ್ನೇ. ಫೋಟೋ ನೋಡಿ ವಾಪಸು ಕೊಡಿಸಿದೆ. ಅಂಟು ಬಿಟ್ಟ ಕ್ಷಣದಲ್ಲಿ ಕಾಲಿನ ತಡೆ ಸಂಪೂರ್ಣ ಹೋಗಿಬಿಡುತ್ತದೆ. ಚೈನು ಒರೆಸುವಾಗಲೂ ಎಚ್ಚರವಿರಲಿ: ತಿರುಗುವ ಚಕ್ರಕ್ಕೆ ಬಟ್ಟೆ ಹಿಡಿದರೆ, ಬಟ್ಟೆ ಸಿಕ್ಕಿಕೊಂಡರೂ ಚೈನು ನಿಲ್ಲುವುದಿಲ್ಲ, ಬೆರಳನ್ನೂ ಎಳೆದುಕೊಳ್ಳುತ್ತದೆ.

ಇಷ್ಟಕ್ಕೆಲ್ಲ ಹುಡುಗ ಒಪ್ಪಿದ. ಫೋರ್ಕಿನ ವಿಷಯಕ್ಕೆ ಬಂದಾಗ ಮಾತ್ರ ಮೊಂಡುಹಿಡಿದ. ಅವನು ಆರಿಸಿದ್ದು ಬ್ರೇಕು ಕೂರಿಸಲು ರಂಧ್ರವೇ ಇಲ್ಲದ ಟ್ರ್ಯಾಕ್ ಫೋರ್ಕು. “ಬ್ರೇಕು ಹಾಕಿದ್ರೆ ಅದರ ಅಂದಾನೇ ಹೋಗುತ್ತೆ ಮಾವ. ಕಾಲೇ ಬ್ರೇಕು.” ಸೈಕಲ್ಲು ನಿಲ್ಲುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಂದಿನದು ಹಗುರವಾಗಿ ಜಾರುತ್ತದೆ, ಮುಂದಿನ ಬ್ರೇಕಿಲ್ಲದೆ ನಿಲ್ಲಲು ಹೆಚ್ಚುಕಡಿಮೆ ಇಮ್ಮಡಿ ದೂರ ಬೇಕಾಗುತ್ತದೆ ಎಂದು ವಿವರಿಸಿದೆ. ಲಂಡನ್ನಿನ ಪ್ರಕರಣವನ್ನೂ ಹೇಳಿದೆ. ಅಲ್ಲಿ 2016ರಲ್ಲಿ ಮುಂದಿನ ಬ್ರೇಕಿಲ್ಲದ ಇಂಥದೇ ಸೈಕಲ್ಲಿನ ತರುಣನೊಬ್ಬ ರಸ್ತೆ ದಾಟುತ್ತಿದ್ದ ತಾಯಿಯೊಬ್ಬರಿಗೆ ಡಿಕ್ಕಿ ಹೊಡೆದ, ಆಕೆ ತೀರಿಕೊಂಡರು, ಮರುವರ್ಷ ನ್ಯಾಯಾಲಯ ಅವನಿಗೆ 18 ತಿಂಗಳ ಶಿಕ್ಷೆ ವಿಧಿಸಿತು.

“ಅವನಿಗೆ ಓಡಿಸೋಕೆ ಬರ್ತಿರ್ಲಿಲ್ಲ ಮಾವ” ಎಂದ.

ಆಗ ನನಗೆ ಹೇಳಲು ಉಳಿದಿದ್ದುದು ಒಂದೇ. ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರದ ಮಾತು ಅದು.

1998. ಗುರುದೀಕ್ಷೆಯಾಗಿ ಒಂದು ವರ್ಷ. ಸಹಾಯಕ ಗುರುವಾಗಿದ್ದ ನಾನು ಅಪ್ಪನ ಸೈಕಲ್ಲನ್ನೇ ತಂದಿಟ್ಟುಕೊಂಡು ಉಪಕೇಂದ್ರಗಳಿಗೆ ಹೋಗಿಬರುತ್ತಿದ್ದೆ. ಒಮ್ಮೆ ನೋಡಲು ಬಂದ ಅಪ್ಪ ಬ್ರೇಕು ಹಿಡಿದು ನೋಡಿ, “ರಬ್ಬರು ಸವೆದು ಕಬ್ಬಿಣ ಕಾಣ್ತಿದೆ ಸ್ವಾಮಿ, ಬದಲಾಯಿಸಿಕೊಳ್ಳಿ” ಎಂದರು. ದೀಕ್ಷೆಯಾದ ಮೇಲೆ ಅವರು ನನ್ನನ್ನು ಹೆಸರಿಟ್ಟು ಕರೆಯಲೇ ಇಲ್ಲ. ಹೂಂ ಎಂದೆ. ಒಂದು ವಾರ ಕಳೆಯಿತು. ಆ ಭಾನುವಾರ ಮಳೆ. ಬಲಿಪೂಜೆಗೆ ತಡವಾಗಿತ್ತು. ಊರಿನ ಮುಂದಣ ಇಳಿಜಾರಿನಲ್ಲಿ ಹತ್ತು ವರ್ಷದ ಹುಡುಗನೊಬ್ಬ ಬಿಂದಿಗೆ ಹಿಡಿದು ರಸ್ತೆಗೆ ಬಂದ. ಎರಡೂ ಬ್ರೇಕು ಒತ್ತಿದೆ. ಒದ್ದೆ ರಿಮ್ಮಿನ ಮೇಲೆ ಕಬ್ಬಿಣ ಕಿರುಗುಟ್ಟಿತೇ ಹೊರತು ಸೈಕಲ್ಲು ನಿಲ್ಲಲಿಲ್ಲ. ಹುಡುಗನ ಮುಂಗೈ ಮೂಳೆ ಮುರಿಯಿತು.

ಊರವರು ಓಡಿಬಂದು ಹುಡುಗನ ಜೊತೆಗೆ ನನ್ನನ್ನೂ ಎತ್ತಿ ಕೂರಿಸಿದರು. ಅವನ ತಾಯಿ, “ಸ್ವಾಮಿಯೋರಿಗೇನೂ ಆಗಿಲ್ವಲ್ಲ” ಎಂದರು. ಏನಾಯಿತೆಂದು ಕೇಳಿದವರಿಗೆ ನಾನು ಹೇಳಿದ್ದು ಒಂದೇ ಮಾತು: “ಬ್ರೇಕು ಕೈಕೊಟ್ಟಿತು.” ಆಸ್ಪತ್ರೆಯ ಖರ್ಚು ಕೊಟ್ಟೆ, ಎರಡು ಸಲ ಹೋಗಿ ನೋಡಿಬಂದೆ. ಪಾಪನಿವೇದನೆಯನ್ನೂ ಮಾಡಿದೆ. ಆದರೆ ಆ ಮನೆಯವರ ಎದುರು ನಿಂತು, ರಬ್ಬರು ಸವೆದದ್ದು ನನಗೆ ಗೊತ್ತಿತ್ತು ಎಂದು ಹೇಳಲಿಲ್ಲ. ಮುಂದಿನ ತಿಂಗಳು ಅಪ್ಪ ಬಂದರು. ಒಂದು ಮಾತೂ ಆಡದೆ ಜೇಬಿನಿಂದ ನಾಲ್ಕು ಹೊಸ ರಬ್ಬರು ತೆಗೆದು, ಅಂಗಳದಲ್ಲಿ ಕೂತು, ತಾವೇ ಹಾಕಿದರು. ಅವರಿಗೆ ಎಷ್ಟು ತಿಳಿದಿತ್ತೋ ನಾನು ಕೇಳಲಿಲ್ಲ.

ಫೋನಿನ ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಹುಡುಗ ಫೋರ್ಕಿನ ಮಾತೇ ಎತ್ತಲಿಲ್ಲ. “ಆ ಹುಡುಗ ಈಗ ಎಲ್ಲಿದ್ದಾನೆ ಮಾವ?” ಎಂದು ಕೇಳಿದ.

ಅದೇ ಊರಿನಲ್ಲಿದ್ದಾನೆ. ಮದುವೆಯಾಗಿದೆ, ಬೇಸಾಯ ಮಾಡುತ್ತಾನೆ. ಕೆಲವು ವರ್ಷಗಳ ಹಿಂದೆ ಅಲ್ಲಿನ ಹಬ್ಬಕ್ಕೆ ಹೋದಾಗ ನನ್ನ ಕೈಮುಗಿದು ಮಾತನಾಡಿಸಿದ. ಎಡಗೈ ಮಣಿಕಟ್ಟು ಸ್ವಲ್ಪ ವಾರೆಯಾಗಿಯೇ ಕೂಡಿಕೊಂಡಿದೆ.

ಪಾಸ್ಖ ಹಬ್ಬ ಕಳೆದು ಮೂರು ವಾರಕ್ಕೆ ಸೋದರಳಿಯ ಸೈಕಲ್ಲಿನೊಡನೆ ಬಂದ. ನೇರಳೆ ಬಣ್ಣದ ಉಕ್ಕಿನ ಫ್ರೇಮು, 46ಕ್ಕೆ 17, ಪಾದ ಜಾರದಂತೆ ಪೆಡಲಿಗೆ ಚರ್ಮದ ಪಟ್ಟಿ. ಫೋರ್ಕಿನ ನೆತ್ತಿಯಲ್ಲಿ ರಂಧ್ರವಿತ್ತು. ಅದರಲ್ಲಿ ಪುಟ್ಟದೊಂದು ಬ್ರೇಕು, ಹ್ಯಾಂಡಲ್ಲಿನ ಬಲಗಡೆ ಅದರ ಹಿಡಿ. ಅಂದಕ್ಕೆ ಏನೂ ಕೊರತೆಯಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ, ಅವನು ಒಪ್ಪಲಾರ. ನಾನು ಲಾಕ್‌ರಿಂಗ್ ಮುಟ್ಟಿ ನೋಡಿದೆ. ಪೆಡಲು ನಿಧಾನ ತಿರುಗಿಸಿ, ಚೈನು ಅತ್ಯಂತ ಬಿಗಿಯಾಗುವ ಜಾಗದಲ್ಲೂ ಒಂದಿಷ್ಟು ಸಡಿಲವಿದೆಯೇ ಎಂದು ಪರೀಕ್ಷಿಸಿದೆ. ಕೊನೆಗೆ ಬ್ರೇಕಿನ ಹಿಡಿ ಒತ್ತಿದೆ. ಚಕ್ರ ಅಲ್ಲಿಯೇ ನಿಂತಿತು.

“ಆ ಊರಿಗೆ ಹೋಗೋಣ್ವಾ ಮಾವ? ನೀವು ಹೇಳೋದಿದೆಯಲ್ಲ” ಎಂದ.

ಬರುವ ಶನಿವಾರ ಹೋಗುವುದೆಂದು ಗೊತ್ತುಮಾಡಿದ್ದೇವೆ. ಅವನು ಅವನ ಸೈಕಲ್ಲಿನಲ್ಲಿ, ನಾನು ಬಸ್ಸಿನಲ್ಲಿ. ಮೂವತ್ತೆಂಟು ಕಿಲೋಮೀಟರ್ ತುಳಿಯಲು ನನ್ನ ಮಂಡಿ ಒಪ್ಪುವುದಿಲ್ಲ. ಬಸ್ಸು ಊರ ಹೊರಗಿನ ಅರಳಿಕಟ್ಟೆಯವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಮುಂದೆ ಆ ಇಳಿಜಾರನ್ನು ನಡೆದೇ ಇಳಿಯಬೇಕು.